ಕೊಂಡೆಯವೂ ಸಲ್ಲದು, ಕಣ್ಮುಚ್ಚುವುದೂ ಸಲ್ಲದು



ಯಲ್ಲಾಪುರದಿಂದ ಅಂಕೋಲೆಯ ಕಡೆಗೆ ಇಳಿಯುವ ಬಸ್ಸು ಅರಬೈಲ್ ಘಟ್ಟದ ತಿರುವುಗಳನ್ನು ಹಾದುಹೋಗುವಾಗ ಒಳಗೆ ಕುಳಿತವರಲ್ಲಿ ಒಬ್ಬರಾದರೂ ಎದ್ದು ಬಂದು ಚಾಲಕನ ಪರವಾನಗಿಯನ್ನು ತೋರಿಸೆಂದು ಕೇಳುವುದಿಲ್ಲ. ಕೇಳಬೇಕಾದವರು ಮೊದಲೇ ಕೇಳಿರುತ್ತಾರೆ, ನೋಡಬೇಕಾದವರು ಮೊದಲೇ ನೋಡಿರುತ್ತಾರೆ ಎಂಬ ವಿಶ್ವಾಸದಿಂದ ತಾಯಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ತಾನೂ ಕಣ್ಣು ಮುಚ್ಚುತ್ತಾಳೆ. ಘಟ್ಟದ ಮೇಲಣ ಶಾಲೆಗೆ ಮಕ್ಕಳನ್ನು ಕಳಿಸುವ ತಂದೆಯೂ, ಪತ್ತಿನ ಸಹಕಾರಿ ಸಂಘದಲ್ಲಿ ಅಡಿಕೆಯ ಹಣವನ್ನು ಠೇವಣಿ ಇಡುವ ರೈತನೂ, ಜ್ವರ ಬಂದಾಗ ಪೇಟೆಯ ದವಾಖಾನೆಯ ಮೆಟ್ಟಿಲು ಹತ್ತುವ ಮುದುಕಿಯೂ ಇದೇ ವಿಶ್ವಾಸದ ಮೇಲೆ ನಡೆಯುತ್ತಾರೆ. ಲೋಕವ್ಯವಹಾರವೆಂಬುದು ನಿಂತಿರುವುದೇ ಈ ನಂಬಿಕೆಯ ಮೇಲೆ. ಓದದ ಓದನ್ನು ಓದಿದೆನೆಂದು, ಪಡೆಯದ ಪದವಿಯನ್ನು ಪಡೆದೆನೆಂದು ಹೇಳಿ ಹುದ್ದೆಯಲ್ಲಿ ಕುಳಿತವನು ಕದಿಯುವುದು ಸಂಬಳವನ್ನು ಮಾತ್ರವಲ್ಲ, ಈ ನಂಬಿಕೆಯನ್ನು.

ಹಾಗಿದ್ದರೆ, ಜೊತೆಯಲ್ಲಿ ಕೆಲಸ ಮಾಡುವವನು ತನ್ನ ಅರ್ಹತೆಯ ವಿಷಯದಲ್ಲಿ ಸುಳ್ಳು ಹೇಳಿದ್ದಾನೆಂಬ ಸಂಶಯ ಮನಸ್ಸಿನಲ್ಲಿ ಹುಟ್ಟಿದಾಗ ಸದ್ಭಕ್ತನಾದವನು ಏನು ಮಾಡಬೇಕು? ಕಚೇರಿ, ಶಾಲೆ, ಆಸ್ಪತ್ರೆ, ಬ್ಯಾಂಕುಗಳಲ್ಲಿ ದುಡಿಯುವ ಭಕ್ತರಿಗೆ ಈ ಪ್ರಶ್ನೆ ದೂರದ್ದಲ್ಲ. ಉತ್ತೀರ್ಣನಾದ ವರ್ಷವನ್ನು ಒಮ್ಮೆ ಒಂದಾಗಿ ಮತ್ತೊಮ್ಮೆ ಇನ್ನೊಂದಾಗಿ ಹೇಳುವ, ತನ್ನ ವಿಷಯದ ಮೊದಲ ಪಾಠವೂ ತಿಳಿಯದ, ಮೂಲ ಪ್ರಮಾಣಪತ್ರ ಕೇಳಿದೊಡನೆ ಮನೆಯಲ್ಲಿದೆ, ಊರಿನಲ್ಲಿದೆ, ಮಳೆಗೆ ಹಾಳಾಯಿತು ಎನ್ನುವ ಸಹೋದ್ಯೋಗಿಯನ್ನು ಕಂಡವರು ಅನೇಕರು. ಆದರೆ ಕಂಡವರು ಮಾಡುತ್ತಿರುವುದೇನು? ಬಹುಮಂದಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ಚಹಾದ ವೇಳೆಯಲ್ಲಿ ಪಿಸುಗುಟ್ಟುತ್ತಾರೆ. ಉಳಿದವರು "ನಮಗೇಕೆ ಊರ ಉಸಾಬರಿ" ಎಂದು ಕಣ್ಣು ಮುಚ್ಚುತ್ತಾರೆ. ಈ ಎರಡೂ ದಾರಿಗಳು ಶರಣಮಾರ್ಗಕ್ಕೆ ವಿರುದ್ಧವಾದುವು. ಎರಡೂ ಹೇಡಿತನದ ಎರಡು ಮುಖಗಳು.

ಕಲ್ಯಾಣದ ಭಂಡಾರದಲ್ಲಿ ನಡೆದದ್ದು

ಸಹೋದ್ಯೋಗಿಯ ಮೇಲಣ ಸಂಶಯವೆಂಬುದು ಇಂದಿನ ಕಚೇರಿಗಳ ಆವಿಷ್ಕಾರವಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರೇ ಇಂತಹ ಸಂಶಯಕ್ಕೆ ಗುರಿಯಾದವರು. ಅರಸನ ಆಸ್ಥಾನದಲ್ಲಿದ್ದವರು, ಭಂಡಾರದ ಹೊನ್ನನ್ನು ಬಸವಣ್ಣನವರು ಜಂಗಮರಿಗೆ ವ್ಯಯ ಮಾಡುತ್ತಿದ್ದಾರೆಂದು ಬಿಜ್ಜಳನ ಕಿವಿಯಲ್ಲಿ ಊದಿದ ಕಥೆ ಶರಣ ಪುರಾಣಗಳಲ್ಲಿ ಪ್ರಸಿದ್ಧವಾಗಿದೆ. 1369ರಲ್ಲಿ ಭೀಮಕವಿ ಕನ್ನಡದಲ್ಲಿ ರಚಿಸಿದ ಬಸವಪುರಾಣದ ಮೂಲಕ ಇಂತಹ ಪ್ರಸಂಗಗಳು ಮನೆಮನೆಯ ಮಾತಾದವು. ಅರಸನು ಕೇಳಿದಾಗ ಬಸವಣ್ಣನವರು ಸಿಟ್ಟಾಗಲಿಲ್ಲ, ಅವಮಾನವಾಯಿತೆಂದು ಎದ್ದು ಹೋಗಲಿಲ್ಲ. ಲೆಕ್ಕವನ್ನು ಒಪ್ಪಿಸಿದರು. ಭಂಡಾರವನ್ನು ಎಣಿಸಿ ನೋಡಲಾಯಿತು, ಕೊರತೆ ಕಾಣಲಿಲ್ಲ.

ಭಕ್ತರು ಈ ಪ್ರಸಂಗವನ್ನು ಪವಾಡವೆಂದು ಓದುತ್ತ ಬಂದಿದ್ದಾರೆ. ಅದರಲ್ಲಿ ದೋಷವಿಲ್ಲ. ಆದರೆ ಪವಾಡದ ಬೆರಗಿನಲ್ಲಿ ಅದರೊಳಗಿನ ನೀತಿ ಮರೆಯಾಗಬಾರದು. ಇಲ್ಲಿ ಮೂವರು ಇದ್ದಾರೆ: ಚಾಡಿ ಹೇಳಿದವರು, ಕೇಳಿದ ಅರಸ, ಆರೋಪ ಹೊತ್ತ ಕರಣಿಕ. ಆಸ್ಥಾನದ ವೈರಿಗಳಲ್ಲಿ ಒಬ್ಬನನ್ನು ಪರಂಪರೆ ಕೊಂಡೆಯ ಮಂಚಣ್ಣನೆಂದೇ ಕರೆದಿದೆ. ಹಳಗನ್ನಡದಲ್ಲಿ 'ಕೊಂಡೆಯ' ಎಂದರೆ ಚಾಡಿ, ಚಾಡಿ ಹೇಳುವವನು. ಅವನ ಹೆಸರಿಗೇ ಅವನ ಕಸುಬು ಅಂಟಿಕೊಂಡಿತು. ಎಂಟು ಶತಮಾನಗಳಾದ ಮೇಲೂ ಆ ಮನುಷ್ಯ ಬೇರೆ ಯಾವ ಗುಣದಿಂದಲೂ ನೆನಪಾಗುವುದಿಲ್ಲ. ಪಿಸುಗುಟ್ಟುವವರು ಇದನ್ನು ನೆನಪಿನಲ್ಲಿಡಬೇಕು.

ಅರಸನಾದರೋ ಒಂದು ವಿಷಯದಲ್ಲಿ ಸರಿಯಾಗಿ ನಡೆದುಕೊಂಡನು. ಕೇಳಿದ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಒಳಗೊಳಗೇ ದ್ವೇಷ ಬೆಳೆಸುವ ಬದಲು ಭಂಡಾರವನ್ನು ತೆರೆಸಿದನು. ಬಸವಣ್ಣನವರು ಎಣಿಕೆಗೆ ಅಡ್ಡಿ ಬರಲಿಲ್ಲ. ಪರಿಶೀಲನೆಯನ್ನು ಅವಮಾನವೆಂದು ಭಾವಿಸುವವನಿಗೆ ಮುಚ್ಚಿಡುವುದೇನೋ ಇರುತ್ತದೆ, ಇಲ್ಲವೇ ಅಹಂಕಾರವಿರುತ್ತದೆ. ಬಸವಣ್ಣನವರಲ್ಲಿ ಎರಡೂ ಇರಲಿಲ್ಲ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ನಾಣ್ಣುಡಿಯ ಅರ್ಥವೂ ಇದೇ. ಕಿವಿಗೆ ಬಿದ್ದದ್ದನ್ನಂತೂ ಪ್ರಮಾಣಿಸದೆ ನಂಬಬಾರದು, ಪ್ರಮಾಣಿಸದೆ ಬಿಡಲೂಬಾರದು.

ಪರೀಕ್ಷೆ ಅವಮಾನವಲ್ಲ

ಅನುಭವಮಂಟಪಕ್ಕೆ ಅಕ್ಕಮಹಾದೇವಿ ಬಂದಾಗ ಅಲ್ಲಮಪ್ರಭು ಆಕೆಯನ್ನು ಪ್ರಶ್ನಿಸಿದ ಸನ್ನಿವೇಶ ಶೂನ್ಯಸಂಪಾದನೆಯ ಓದುಗರಿಗೆಲ್ಲ ಪರಿಚಿತ. ಆ ಪ್ರಶ್ನೆಗಳು ಮೃದುವಾಗಿರಲಿಲ್ಲ. ಆದರೆ ಅವುಗಳ ರೀತಿಯನ್ನು ಗಮನಿಸಬೇಕು. ಅಲ್ಲಮರು ಕೇಳಿದ್ದು ಎದುರಿನಲ್ಲಿ, ಸಭೆಯ ನಡುವೆ, ಉತ್ತರಕ್ಕೆ ಅವಕಾಶವಿಟ್ಟು. ಕೇಳಿದ್ದು ಆಕೆಯ ನಿಲುವನ್ನು ಕುರಿತು, ಕುಲವನ್ನು ಕುರಿತಲ್ಲ. ಉತ್ತರ ಸಿಕ್ಕ ಮೇಲೆ ಪ್ರಶ್ನಿಸಿದವರೇ ಆಕೆಯ ಹಿರಿಮೆಯನ್ನು ಸಾರಿದರು. ಸಂಶಯ ಅಲ್ಲಿಗೆ ಮುಗಿಯಿತು, ಮರುದಿನ ಮತ್ತೊಂದು ಮೂಲೆಯಲ್ಲಿ ತಲೆಯೆತ್ತಲಿಲ್ಲ.

ಇಂದಿನ ಕಚೇರಿಗಳಲ್ಲಿ ನಡೆಯುತ್ತಿರುವುದು ಇದರ ತಿರುಗುಮುರುಗು. ಪ್ರಶ್ನೆ ಎದುರಿನಲ್ಲಿ ಬರುವುದಿಲ್ಲ, ಹಿಂದೆ ಬರುತ್ತದೆ. ಉತ್ತರಿಸಲು ಅವಕಾಶವಿರುವುದಿಲ್ಲ, ಏಕೆಂದರೆ ಪ್ರಶ್ನೆ ಕೇಳಲಾಗಿದೆಯೆಂಬುದೇ ಆ ವ್ಯಕ್ತಿಗೆ ತಿಳಿದಿರುವುದಿಲ್ಲ. ದಾಖಲೆ ಸಿಕ್ಕರೂ ಸಂಶಯ ಮುಗಿಯುವುದಿಲ್ಲ, "ಅದನ್ನೂ ದುಡ್ಡು ಕೊಟ್ಟು ಮಾಡಿಸಿರಬಹುದು" ಎಂಬ ಮಾತು ಸಿದ್ಧವಾಗಿರುತ್ತದೆ. ಯಾವ ಉತ್ತರದಿಂದಲೂ ತೃಪ್ತಿಯಾಗದ ಪ್ರಶ್ನೆ ಜಿಜ್ಞಾಸೆಯಲ್ಲ, ಅದು ಹಗೆತನ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ವಿಭೂತಿ, ರುದ್ರಾಕ್ಷಿಗಳನ್ನು ಧರಿಸಿ ಬಂದವನು ಎಂಥವನೆಂದು ವಿಚಾರಿಸದೆ ಮಣಿಯುವುದು ಭಕ್ತನ ಲಕ್ಷಣವೆಂದು ಪರಂಪರೆ ಹೇಳುತ್ತದಲ್ಲ, ಹಾಗಾದರೆ ಪ್ರಮಾಣಪತ್ರವನ್ನು ಹಿಡಿದು ಬಂದವನನ್ನು ವಿಚಾರಿಸುವುದೇಕೆ? ಈ ಆಕ್ಷೇಪ ಮೇಲ್ನೋಟಕ್ಕೆ ಭಕ್ತಿಯಂತೆ ತೋರಿದರೂ ಒಳಗೆ ಸೋಮಾರಿತನವಾಗಿದೆ. ಲಾಂಛನಕ್ಕೆ ಮಣಿಯುವ ಭಕ್ತ ತನ್ನ ತಲೆಯನ್ನು ಬಾಗಿಸುತ್ತಾನೆ, ಮೋಸವಾದರೆ ನಷ್ಟ ತನ್ನದು. ಸುಳ್ಳು ಪ್ರಮಾಣಪತ್ರಕ್ಕೆ ಮಣಿಯುವ ಕಚೇರಿ ಪರರ ತಲೆಯನ್ನು ಒಪ್ಪಿಸುತ್ತದೆ, ನಷ್ಟ ರೋಗಿಯದು, ವಿದ್ಯಾರ್ಥಿಯದು, ಠೇವಣಿದಾರನದು. ತನ್ನದನ್ನು ಕೊಡುವುದು ದಾಸೋಹ. ಪರರದನ್ನು ಒಪ್ಪಿಸುವುದು ದಾಸೋಹವಲ್ಲ. ಇದಲ್ಲದೆ ನಡೆಯಿಲ್ಲದ ವೇಷವನ್ನು ವಚನಕಾರರು ಖಂಡಿಸಿದಷ್ಟು ಕಟುವಾಗಿ ಮತ್ತೇನನ್ನೂ ಖಂಡಿಸಲಿಲ್ಲ. ಅಂಬಿಗರ ಚೌಡಯ್ಯನವರ ಬಿರುನುಡಿಗೆ ಹೆಚ್ಚಾಗಿ ಗುರಿಯಾದವರು ವೇಷಧಾರಿಗಳೇ. ಓದಿಲ್ಲದ ಪದವಿಯೆಂಬುದು ಈ ಕಾಲದ ವೇಷ.

"ಕೆಲಸ ಚೆನ್ನಾಗಿ ಮಾಡುತ್ತಾರಲ್ಲ!"

ಕಣ್ಮುಚ್ಚುವವರ ಬತ್ತಳಿಕೆಯಲ್ಲಿರುವ ಅತ್ಯಂತ ಹರಿತವಾದ ಬಾಣ ಇದು. ಪದವಿ ಇದ್ದರೇನು, ಇಲ್ಲದಿದ್ದರೇನು, ಕಾಯಕ ಶುದ್ಧವಾಗಿದ್ದರೆ ಸಾಲದೇ? ಶರಣರು ಕೇಳಿದ್ದು ಕಾಯಕವನ್ನೋ, ಕಾಗದವನ್ನೋ? ಈ ವಾದಕ್ಕೆ ಉತ್ತರ ಕೊಡದೆ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ.

ಅಮೆರಿಕದ ಹೆಸರಾಂತ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಪ್ರವೇಶ ವಿಭಾಗದ ಮುಖ್ಯಸ್ಥೆಯಾಗಿದ್ದ ಮ್ಯಾರಿಲೀ ಜೋನ್ಸ್ 2007ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು. 28 ವರ್ಷಗಳ ಹಿಂದೆ ಕೆಲಸಕ್ಕೆ ಸೇರುವಾಗ ತಾವು ಪಡೆಯದ ಪದವಿಗಳನ್ನು ಪಡೆದಿರುವುದಾಗಿ ತೋರಿಸಿದ್ದು ಬಯಲಾಗಿತ್ತು. ಅವರ ಕೆಲಸವನ್ನು ಅಲ್ಲಿ ಎಲ್ಲರೂ ಮೆಚ್ಚಿದ್ದರು. ಮೊದಲು ಸೇರಿದ ಹುದ್ದೆಗೆ ಪದವಿಯೇ ಬೇಕಾಗಿರಲಿಲ್ಲವೆಂಬುದೂ ಹೊರಬಂತು. ಹಾಗಿದ್ದೂ ಹೋಗಬೇಕಾಯಿತು. ಏಕೆ? ಅವರ ಕಾಯಕವೇ ಇತರರ ಅರ್ಜಿಗಳಲ್ಲಿನ ಸತ್ಯವನ್ನು ತೂಗುವುದಾಗಿತ್ತು. ತಕ್ಕಡಿಯೇ ಸುಳ್ಳಾದ ಮೇಲೆ ತೂಗಿದ್ದು ಸರಿಯೆಂದು ಹೇಳುವವರು ಯಾರು?

ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ, ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಗಂಡನನ್ನು ಕಳಿಸಿದಳು. ಆ ಅಕ್ಕಿ ಕದ್ದದ್ದಲ್ಲ, ಬಿದ್ದದ್ದು. ಮಾರಯ್ಯ ಸೋಮಾರಿಯಲ್ಲ, ಶ್ರಮಪಟ್ಟು ಆಯ್ದವನು. ಆದರೂ ತಮಗೆ ಸಲ್ಲದ್ದು ಮನೆಯೊಳಗೆ ಬರಬಾರದೆಂದು ಆ ತಾಯಿ ಹಟ ಹಿಡಿದಳು. ಶ್ರಮ ಶುದ್ಧವಾದ ಮಾತ್ರಕ್ಕೆ ಗಳಿಕೆ ಶುದ್ಧವಾಗದು, ಬಂದ ದಾರಿಯೂ ಶುದ್ಧವಾಗಿರಬೇಕೆಂಬುದು ಲಕ್ಕಮ್ಮನ ಕಾಯಕತತ್ತ್ವ. ಪರರಿಗೆ ಸಲ್ಲಬೇಕಾದ ಹುದ್ದೆಯಲ್ಲಿ ಸುಳ್ಳು ಕಾಗದ ಹಿಡಿದು ಕುಳಿತು ಎಷ್ಟು ಬೆವರು ಸುರಿಸಿದರೂ ಅದು ಕಾಯಕವೆನಿಸದು.

ಆ "ಪರರು" ಯಾರೆಂಬುದನ್ನೂ ನೆನೆಯಬೇಕು. ಒಂದು ಹುದ್ದೆಗೆ ಒಬ್ಬನು ಸುಳ್ಳಿನಿಂದ ಬಂದರೆ ಸತ್ಯದಿಂದ ಓದಿದ ಇನ್ನೊಬ್ಬಳು ಮನೆಗೆ ಹೋಗಿರುತ್ತಾಳೆ. ಅವಳ ಹೆಸರು ಕಚೇರಿಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಸುಳ್ಳು ಹೇಳಿದವನು ದಿನವೂ ಎದುರಿಗೆ ಕುಳಿತು ನಗುತ್ತಾನಾದ್ದರಿಂದ ಕರುಣೆಯೆಲ್ಲ ಅವನಿಗೇ ಹರಿಯುತ್ತದೆ. ಕಾಣುವವನಿಗೆ ಮಾತ್ರ ಕರುಣೆ ತೋರಿ ಕಾಣದವಳನ್ನು ಮರೆಯುವುದು ದಯೆಯಲ್ಲ, ಪರಿಚಯದ ಮುಲಾಜು.

ಇನ್ನು ಕೆಲವು ಕೆಲಸಗಳಲ್ಲಿ ಈ ವಾದಕ್ಕೆ ಎಳ್ಳಷ್ಟೂ ಜಾಗವಿಲ್ಲ. ಹೋಮಿಯೋಪಥಿ ಓದಿದವರೊಬ್ಬರು ಅಲೋಪಥಿ ಔಷಧ ಕೊಟ್ಟು ರೋಗಿ ಮರಣಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ, ಒಂದು ವೈದ್ಯಪದ್ಧತಿಯ ಜ್ಞಾನವಿಲ್ಲದೆ ಆ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವವನು ನಕಲಿ ವೈದ್ಯನೇ ಎಂದು ಹೇಳಿತು. ಉತ್ತರ ಕನ್ನಡದ ಜನ ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ದೊಡ್ಡ ಅಭಿಯಾನವನ್ನೇ ನಡೆಸಬೇಕಾಯಿತು. ತುರ್ತಿಗೆ ಹುಬ್ಬಳ್ಳಿಗೋ ಮಂಗಳೂರಿಗೋ ಓಡಬೇಕಾದ ಜಿಲ್ಲೆಯಲ್ಲಿ ಅರಬೈಲಿನಂತಹ ಘಟ್ಟದ ಊರಿನವರು ಸಮೀಪದಲ್ಲಿ 'ಡಾಕ್ಟರ್' ಎಂಬ ಫಲಕ ಕಂಡರೆ ಅದನ್ನೇ ನಂಬಿ ಒಳಹೋಗುತ್ತಾರೆ. ಆ ಫಲಕದ ಹಿಂದೆ ವಿದ್ಯೆಯಿಲ್ಲವೆಂದು ತಿಳಿದೂ ಔಷಧದ ಚೀಟಿ ಬರೆಯಲು ಮೇಜು ಸರಿಮಾಡಿಕೊಡುವ ಸಹಾಯಕ ನಿರಪರಾಧಿಯೇ?

ಕೆಲವರ ಸುಳ್ಳು, ಎಲ್ಲರ ಶಿಕ್ಷೆ

ಕಣ್ಮುಚ್ಚಿದರೆ ಏನಾಗುತ್ತದೆಂಬುದನ್ನು ಕರ್ನಾಟಕ ಈಚೆಗೆ ಕಣ್ಣಾರೆ ಕಂಡಿದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಬರೆದರು. ಆಯ್ಕೆಪಟ್ಟಿ ಬಂದ ಮೇಲೆ, ಸರಿಯಾಗಿ ಉತ್ತರಿಸದವರಿಗೂ ಹೇರಳವಾಗಿ ಅಂಕ ಬಂದಿದೆಯೆಂಬ ಸಂಶಯ ಮೊದಲು ಎದ್ದದ್ದು ಜೊತೆಗೆ ಪರೀಕ್ಷೆ ಬರೆದವರಲ್ಲೇ. ಒಎಂಆರ್ ಹಾಳೆಗೂ ಅಭ್ಯರ್ಥಿಯ ಕೈಯಲ್ಲಿದ್ದ ಕಾರ್ಬನ್ ಪ್ರತಿಗೂ ಹೊಂದಿಕೆಯಾಗುತ್ತದೆಯೇ ಎಂಬ ಸರಳ ಪ್ರಶ್ನೆಯಿಂದ ಹಗರಣದ ಗಂಟು ಬಿಚ್ಚಿಕೊಂಡಿತು. ಸಿಐಡಿ ತನಿಖೆ ನಡೆದು 2022ರ ಏಪ್ರಿಲ್‌ನಲ್ಲಿ ಸರ್ಕಾರ ಇಡೀ ಆಯ್ಕೆಯನ್ನು ರದ್ದುಪಡಿಸಿತು. ನೇಮಕಾತಿ ವಿಭಾಗದ ಹಿರಿಯ ಪೊಲೀಸ್ ಅಧಿಕಾರಿಯೇ ಬಂಧನಕ್ಕೊಳಗಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ.

ಈ ಎರಡು ವರ್ಷಗಳ ನಡುವೆ ಸೊರಗಿದವರು ಯಾರು? ಸತ್ಯವಾಗಿ ಓದಿ ಆಯ್ಕೆಯಾಗಿದ್ದ ಬಡವರ ಮಕ್ಕಳು. ತಪ್ಪು ಕೆಲವರದು, ನಮಗೇಕೆ ಶಿಕ್ಷೆ ಎಂದು ಅವರು ಬೀದಿಗಿಳಿದು ಕೇಳಿದರು. ಸುಳ್ಳನ್ನು ಆರಂಭದಲ್ಲಿಯೇ ಬೇರ್ಪಡಿಸದಿದ್ದರೆ ಕೊನೆಯಲ್ಲಿ ಸತ್ಯವನ್ನೂ ಸುಳ್ಳಿನೊಡನೆ ಸುಡಬೇಕಾಗುತ್ತದೆ. ಕಳೆಯನ್ನು ಎಳೆಯದಾಗಿದ್ದಾಗ ಕೀಳದ ರೈತನಿಗೆ ಬೆಳೆಯನ್ನೇ ಕಳೆದುಕೊಳ್ಳುವ ಕಾಲ ಬರುತ್ತದೆ.

ಸಂಶಯ ಯಾರ ಮೇಲೆ ಬೀಳುತ್ತದೆ?

ಈಗ ಪಿಸುಗುಟ್ಟುವವರ ಕಡೆಗೆ ತಿರುಗಬೇಕು. ಅವರು ತಮ್ಮನ್ನು ಸತ್ಯದ ಪಕ್ಷಪಾತಿಗಳೆಂದು ಭಾವಿಸಿಕೊಂಡಿದ್ದಾರೆ. ಹಾಗಿದ್ದರೆ ಅವರ ಸಂಶಯ ಎಲ್ಲರ ಮೇಲೂ ಸಮನಾಗಿ ಬೀಳಬೇಕಿತ್ತು. ಬೀಳುತ್ತದೆಯೇ? ಇಂಗ್ಲಿಷನ್ನು ಸರಾಗವಾಗಿ ಆಡುವವನ ಪದವಿಯನ್ನು ಯಾರೂ ಕೇಳುವುದಿಲ್ಲ. ದೊಡ್ಡ ಮನೆತನದ ಹೆಸರಿರುವವನ ಅಂಕಪಟ್ಟಿಯನ್ನು ಯಾರೂ ಬಯಸುವುದಿಲ್ಲ. ಹಳ್ಳಿಯ ನುಡಿ ಆಡುವವಳು, ಕುಲದಲ್ಲಿ ಮೊದಲ ಬಾರಿಗೆ ಓದಿದವಳು, ಮೀಸಲಾತಿಯಿಂದ ಬಂದವಳು ಎದುರಾದೊಡನೆ "ನಿಜಕ್ಕೂ ಪಾಸಾಗಿದ್ದಾಳೆಯೇ?" ಎಂಬ ಮಾತು ಹುಟ್ಟುತ್ತದೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡಂಚಿನಲ್ಲಿ ಬಾಳುತ್ತಿರುವ ಸಿದ್ದಿ ಸಮುದಾಯ ಆಫ್ರಿಕಾ ಮೂಲದ್ದು, ಶತಮಾನಗಳಿಂದ ಈ ನೆಲದ್ದು. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿ ಅವರು 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಶಾಸನಸಭೆಯ ಮೆಟ್ಟಿಲು ಹತ್ತಿದ ಮೊದಲ ಸಿದ್ದಿಯೆಂದು ನಾಡು ಸಂತೋಷಪಟ್ಟಿತು. ಇಂತಹ ಸಮುದಾಯದ ಹುಡುಗಿಯೊಬ್ಬಳು ಶಿಕ್ಷಕಿಯಾಗಿಯೋ ದಾದಿಯಾಗಿಯೋ ಬಂದು ಕುಳಿತಾಗ ಅವಳ ಅರ್ಹತೆಯ ಮೇಲೆ ಪಿಸುಮಾತು ಎದ್ದರೆ ಅದು ಸುಳ್ಳಿನ ಮೇಲಣ ಕೋಪವಲ್ಲ. ಅವಳು ಮೇಲೆ ಬಂದುದರ ಮೇಲಣ ಕೋಪ. ಮೀಸಲಾತಿ ಕಾನೂನು ಕೊಟ್ಟ ಹಕ್ಕು, ಸುಳ್ಳು ಪ್ರಮಾಣಪತ್ರ ಕಾನೂನಿಗೆ ಬಗೆದ ದ್ರೋಹ. ಇವೆರಡನ್ನೂ ಒಂದೇ ಉಸಿರಿನಲ್ಲಿ ಆಡುವವನು ಕಕ್ಕಯ್ಯ, ಹರಳಯ್ಯನವರನ್ನು ಅಪ್ಪಿಕೊಂಡ ಪರಂಪರೆಯ ಹೆಸರನ್ನು ಹೇಳಲು ಯೋಗ್ಯನಲ್ಲ.

ಬೆರಳು ಹೊರಗೆ ಮಾತ್ರ ಚಾಚಿದರೆ ಸಾಲದು, ಒಳಗೂ ತಿರುಗಬೇಕು. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಬೇಡ ಜಂಗಮ, ಬುಡ್ಗ ಜಂಗಮವೆಂಬ ಅಲೆಮಾರಿ ಬಡ ಸಮುದಾಯವಿದೆ. ಹೆಸರಿನ ಸಾಮ್ಯವನ್ನು ಹಿಡಿದು ವೀರಶೈವ ಜಂಗಮ ಮನೆತನಗಳ ಕೆಲವರು ಆ ಪ್ರಮಾಣಪತ್ರ ಪಡೆದಿದ್ದಾರೆಂಬ ಆರೋಪ ಬಹುಕಾಲದ್ದು. 2022ರಲ್ಲಿ ಅದು ವಿಧಾನಸಭೆಯಲ್ಲೂ ಪ್ರತಿಧ್ವನಿಸಿತು. ಮಠಗಳಲ್ಲಿ ಪಾದಪೂಜೆಯ ಗೌರವವನ್ನೂ ಕಚೇರಿಯಲ್ಲಿ ಅಸ್ಪೃಶ್ಯತೆಯ ನೋವಿಗಾಗಿ ಮೀಸಲಾದ ಹುದ್ದೆಯನ್ನೂ ಒಬ್ಬನೇ ಬಯಸುವುದಾದರೆ ಅದಕ್ಕಿಂತ ದೊಡ್ಡ ವೇಷ ಯಾವುದಿದೆ? ಇದನ್ನು ಕಂಡೂ ನಮ್ಮವರೆಂದು ಸುಮ್ಮನಿರುವವರಿಗೆ ಬೇರೆಯವರ ಅಂಕಪಟ್ಟಿಯನ್ನು ಕೇಳುವ ನೈತಿಕ ಅಧಿಕಾರವಿಲ್ಲ.

ಸುಳ್ಳುಗಾರನೋ, ಮೋಸಹೋದವನೋ?

ಸಂಶಯಪಡುವವನು ಇನ್ನೊಂದು ವಿವೇಕವನ್ನೂ ಬೆಳೆಸಿಕೊಳ್ಳಬೇಕು. ಮಾನ್ಯತೆಯಿಲ್ಲದ ಪದವಿ ಹಿಡಿದವರೆಲ್ಲ ಸುಳ್ಳುಗಾರರಲ್ಲ. 1956ರ ಯುಜಿಸಿ ಕಾಯಿದೆಯ 22ನೆಯ ಕಲಮಿನ ಪ್ರಕಾರ ಕಾನೂನುಬದ್ಧ ವಿಶ್ವವಿದ್ಯಾಲಯಗಳಿಗೆ, ವಿಶ್ವವಿದ್ಯಾಲಯವೆಂದು ಪರಿಗಣಿತವಾದ ಸಂಸ್ಥೆಗಳಿಗೆ, ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ ಪದವಿ ಕೊಡುವ ಅಧಿಕಾರವಿದೆ. ಯುಜಿಸಿ ವರ್ಷಗಳ ಕಾಲ ಪ್ರಕಟಿಸುತ್ತ ಬಂದ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಬೆಳಗಾವಿ ಜಿಲ್ಲೆಯ ಗೋಕಾಕದ ಸಂಸ್ಥೆಯೊಂದರ ಹೆಸರೂ ಇತ್ತು. ಇಂತಹ ಕಡೆ ಹಣ ಕಟ್ಟಿ, ಓದಿ, ಪರೀಕ್ಷೆ ಬರೆದು ಕಾಗದ ಪಡೆದವನು ಮೋಸಗಾರನಾಗಿರಬೇಕೆಂದಿಲ್ಲ, ಮೋಸಹೋದವನೂ ಆಗಿರಬಹುದು.

ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಉದಾಹರಣೆ ಇನ್ನೂ ಹತ್ತಿರದ್ದು. ಸರ್ಕಾರವೇ ಸ್ಥಾಪಿಸಿದ ಆ ವಿಶ್ವವಿದ್ಯಾಲಯ ತನ್ನ ವ್ಯಾಪ್ತಿ ಮೀರಿ ಶಿಕ್ಷಣ ನಡೆಸಿತೆಂಬ ಕಾರಣದಿಂದ ಯುಜಿಸಿ 2015ರಲ್ಲಿ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಮತ್ತೆ ಮಾನ್ಯತೆ ದೊರೆತದ್ದು 2018ರಲ್ಲಿ. ದುಡಿಯುತ್ತಲೇ ರಾತ್ರಿ ದೀಪದ ಕೆಳಗೆ ಓದಿ ಉತ್ತೀರ್ಣರಾದ ಎಷ್ಟೋ ಗೃಹಿಣಿಯರು, ಗುಮಾಸ್ತರು ತಾವು ಮಾಡದ ತಪ್ಪಿಗೆ "ನಿಮ್ಮ ಡಿಗ್ರಿ ನಡೆಯುತ್ತದೆಯೇ?" ಎಂಬ ಕೊಂಕುಮಾತನ್ನು ಕೇಳಬೇಕಾಯಿತು. ಸಂಶಯ ಕಾಗದದ ಮೇಲಿರಲಿ, ಮನುಷ್ಯನ ಮೇಲೆ ಬೇಡ. ಕಾಗದ ಸುಳ್ಳೆಂದು ಸಿದ್ಧವಾದ ಮೇಲೆ, ಅದು ಸುಳ್ಳೆಂದು ಅವನಿಗೆ ತಿಳಿದಿತ್ತೇ ಎಂಬುದು ಎರಡನೆಯ ಪ್ರಶ್ನೆ. ಎರಡನೆಯದನ್ನು ಮೊದಲೇ ತೀರ್ಮಾನಿಸುವುದು ಅನ್ಯಾಯ.

ಸದ್ಭಕ್ತನ ದಾರಿ

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ಸಂಶಯಕ್ಕೆ ಆಧಾರವೇನೆಂದು ತನ್ನನ್ನೇ ಕೇಳಿಕೊಳ್ಳಬೇಕು. ತಾನು ಕಂಡ ಸಂಗತಿಯೇ, ಕೇಳಿದ ಮಾತೇ? ಆ ವ್ಯಕ್ತಿ ತನಗಿಂತ ಮೊದಲು ಬಡ್ತಿ ಪಡೆದವನಲ್ಲದಿದ್ದರೂ ಈ ಸಂಶಯ ಹುಟ್ಟುತ್ತಿತ್ತೇ? ಈ ಪ್ರಶ್ನೆಗೆ ಇಷ್ಟಲಿಂಗದ ಮುಂದೆ ಕುಳಿತು ಉತ್ತರಿಸಬೇಕು. ಅಲ್ಲಿ ಸುಳ್ಳು ನಿಲ್ಲದು. ಆಧಾರವಿಲ್ಲವೆಂದಾದರೆ ಸಂಶಯವನ್ನು ಅಲ್ಲಿಯೇ ತೊಳೆದುಬಿಡಬೇಕು, ನಾಲಗೆಗೆ ತರಬಾರದು.

ಎರಡನೆಯದಾಗಿ, ಆಧಾರವಿದೆಯೆಂದಾದರೆ ಮೇಲಧಿಕಾರಿಗೆ ಬರವಣಿಗೆಯಲ್ಲಿ, ತನ್ನ ಹೆಸರು ಹಾಕಿ ತಿಳಿಸಬೇಕು. 'ಇವನು ಮೋಸಗಾರ' ಎಂದು ಬರೆಯಬಾರದು. 'ಇಂತಿಂಥ ಸಂಗತಿ ಕಂಡಿದೆ, ದಾಖಲೆಗಳ ನೈಜತೆಯನ್ನು ಪರಿಶೀಲಿಸಬೇಕು' ಎಂದು ಬರೆಯಬೇಕು. ಪಿಸುಮಾತಿಗೂ ಬರವಣಿಗೆಗೂ ಇರುವ ವ್ಯತ್ಯಾಸವನ್ನು ಕಾನೂನೇ ಗುರುತಿಸಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಂತೆ ಪರರ ಮಾನಕ್ಕೆ ಕುಂದು ತರುವುದು ಅಪರಾಧ. ಆದರೆ ವಿಚಾರಿಸುವ ಅಧಿಕಾರವುಳ್ಳವನ ಮುಂದೆ ಸದುದ್ದೇಶದಿಂದ ಮಾಡಿದ ದೂರು ಮಾನಹಾನಿಯಾಗದೆಂದು ಅದೇ ಕಲಮಿನ ವಿನಾಯಿತಿ ಹೇಳುತ್ತದೆ. ಚಹಾದ ಮೇಜಿಗೆ ಆ ರಕ್ಷೆಯಿಲ್ಲ.

ಮೂರನೆಯದಾಗಿ, ಪರಿಶೀಲಿಸುವ ಹೊಣೆ ಸಂಸ್ಥೆಯದು, ಸಹೋದ್ಯೋಗಿಯದಲ್ಲ. ಪತ್ತೇದಾರನಂತೆ ಪರರ ಪೆಟ್ಟಿಗೆ ತೆರೆಯುವುದು, ಕಾಲೇಜಿಗೆ ಸುಳ್ಳು ಹೆಸರಿನಲ್ಲಿ ದೂರವಾಣಿ ಮಾಡುವುದು ಸುಳ್ಳನ್ನು ಸುಳ್ಳಿನಿಂದ ಹಿಡಿಯುವ ಕೆಲಸ. ಸಂಸ್ಥೆಗೆ ದಾರಿಗಳಿವೆ. ಅಂಕಪಟ್ಟಿಯನ್ನು ಮಂಡಳಿಗೋ ವಿಶ್ವವಿದ್ಯಾಲಯಕ್ಕೋ ಕಳಿಸಿ ನೈಜತಾ ವರದಿ ತರಿಸಬಹುದು. 2017ರಲ್ಲಿ ಆರಂಭವಾದ ರಾಷ್ಟ್ರೀಯ ಶೈಕ್ಷಣಿಕ ಭಂಡಾರದಲ್ಲಿ ಪದವಿಗಳು ವಿದ್ಯುನ್ಮಾನ ರೂಪದಲ್ಲಿ ದಾಖಲಾಗುತ್ತ ಬಂದಿವೆ. ವೈದ್ಯರ ಹೆಸರು ವೈದ್ಯಕೀಯ ಪರಿಷತ್ತಿನ ನೋಂದಣಿಪುಸ್ತಕದಲ್ಲಿರಬೇಕು. ಜಾತಿ ಪ್ರಮಾಣಪತ್ರಕ್ಕೆ ಜಿಲ್ಲಾ ಪರಿಶೀಲನಾ ಸಮಿತಿಯ ಸಿಂಧುತ್ವವಿದೆ. ಇಂತಹ ಪರಿಶೀಲನೆಗೆ ಸುಪ್ರೀಂ ಕೋರ್ಟು 1994ರಲ್ಲಿಯೇ ಕ್ರಮವನ್ನು ನಿಗದಿಪಡಿಸಿತ್ತು. ಸೇರುವ ದಿನವೇ ಎಲ್ಲರ ದಾಖಲೆಗಳನ್ನೂ, ಮೇಲಿನವರು ಕೆಳಗಿನವರೆನ್ನದೆ, ಹೀಗೆ ಕಳಿಸುವ ಕಚೇರಿಯಲ್ಲಿ ಪಿಸುಮಾತಿಗೆ ಉಸಿರೇ ಇರುವುದಿಲ್ಲ. ನಿಜವಾದ ಅಪರಾಧಿ ಎಷ್ಟೋ ಸಲ ಸುಳ್ಳು ಹೇಳಿದ ನೌಕರನಷ್ಟೇ ಅಲ್ಲ, ನೋಡದೆ ಸಹಿ ಹಾಕಿದ ಅಧಿಕಾರಿಯೂ ಹೌದು.

ನಾಲ್ಕನೆಯದಾಗಿ, ಬಂದ ಫಲಿತಾಂಶಕ್ಕೆ ಬಾಗಬೇಕು. ದಾಖಲೆ ನಿಜವೆಂದಾದರೆ ಸಂಶಯಪಟ್ಟವನು ಅಲ್ಲಮರಂತೆ ಎದುರಿನಲ್ಲಿಯೇ ಅದನ್ನು ಒಪ್ಪಬೇಕು. ಸುಳ್ಳೆಂದಾದರೆ ಮುಲಾಜು ಅಡ್ಡ ಬರಬಾರದು. ಸುಳ್ಳು ಜಾತಿ ಪ್ರಮಾಣಪತ್ರದಿಂದ ಕೇರಳದಲ್ಲಿ ಪೊಲೀಸ್ ಅಧಿಕಾರಿಯಾದವರೊಬ್ಬರ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟು ಆ ನೇಮಕಾತಿ ಮೂಲದಲ್ಲಿಯೇ ಅಸಿಂಧುವೆಂದಿತು. ಎಷ್ಟೋ ವರ್ಷಗಳ ಸೇವೆಯೂ ಅವರನ್ನು ಕಾಯಲಿಲ್ಲ. 2017ರ ಜುಲೈನಲ್ಲಿ ಆಹಾರ ನಿಗಮದ ಪ್ರಕರಣದಲ್ಲಿಯೂ, ಸುಳ್ಳಿನಿಂದ ಪಡೆದ ಲಾಭವನ್ನು ಕಾಲ ಕಳೆದಿದೆಯೆಂಬ ಕಾರಣಕ್ಕೆ ಉಳಿಸಿಕೊಳ್ಳಲಾಗದೆಂಬ ತತ್ತ್ವ ಗಟ್ಟಿಯಾಯಿತು. 2024ರ ಜುಲೈ 31ರಂದು ಕೇಂದ್ರ ಲೋಕಸೇವಾ ಆಯೋಗ ಮಹಾರಾಷ್ಟ್ರದ ತರಬೇತಿನಿರತ ಐಎಎಸ್ ಅಧಿಕಾರಿಯೊಬ್ಬರ ಉಮೇದುವಾರಿಕೆಯನ್ನೇ ರದ್ದುಪಡಿಸಿದ್ದನ್ನು ಎಲ್ಲರೂ ಬಲ್ಲರು. ಹುದ್ದೆ ದೊಡ್ಡದೆಂದು ಸುಳ್ಳು ಸಣ್ಣದಾಗದು.

ಸುಳ್ಳು ಹೇಳಿ ಕುಳಿತಿರುವವರು ಈ ಸಾಲುಗಳನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು ಸಲ್ಲಬೇಕು. ಹಿಡಿಯುವ ಮೊದಲು ಒಪ್ಪಿಕೊಳ್ಳುವ ದಾರಿ ಇನ್ನೂ ತೆರೆದಿದೆ. ಅದರಿಂದ ಹುದ್ದೆ ಉಳಿಯದಿರಬಹುದು. ಆದರೆ ಬಾಗಿಲು ತಟ್ಟಿದಾಗಲೆಲ್ಲ ನಡುಗುವ ಬಾಳಿಗಿಂತ ಸೌದೆಯ ಹೊರೆ ಹೊತ್ತು ಮಾರುವ ಬಾಳು ಹಗುರ. ಕಾಶ್ಮೀರದ ಅರಸುತನವನ್ನು ತೊರೆದು ಕಲ್ಯಾಣಕ್ಕೆ ಬಂದು ಸೌದೆ ಮಾರಿ ಬಾಳಿದ ಮೋಳಿಗೆಯ ಮಾರಯ್ಯನನ್ನು ಶರಣಲೋಕ ಕಿರಿಯನೆನ್ನಲಿಲ್ಲ. ಇಲ್ಲದ ಹಿರಿಮೆಯನ್ನು ಹೊದ್ದುಕೊಂಡವರು ಆ ಹೊರೆಯ ಮುಂದೆ ನಿಂತು ತಮ್ಮನ್ನು ತೂಗಿಕೊಳ್ಳಲಿ.

ಕೊಂಡೆಯ ಮಂಚಣ್ಣನಾಗುವುದು ಬೇಡ. ಕಳ್ಳನಿಗೆ ದೀಪ ಹಿಡಿದು ಸುಮ್ಮನೆ ನಿಲ್ಲುವುದೂ ಬೇಡ. ಸಂಶಯ ಬಂದರೆ ಭಂಡಾರ ತೆರೆಸಿ, ಎಣಿಸಿ. ಸರಿಯಿದ್ದರೆ ಬಾಗಿ, ಕೊರತೆಯಿದ್ದರೆ ಹೇಳಿ. ಅರಬೈಲ್ ಘಟ್ಟದ ಇಳಿಜಾರಿನಲ್ಲಿ ಕಣ್ಣು ಮುಚ್ಚಿ ಕುಳಿತ ಆ ತಾಯಿಯ ನಂಬಿಕೆಗೆ ಪ್ರತಿಯೊಂದು ಕಚೇರಿಯಲ್ಲಿ ದುಡಿಯುವ ಪ್ರತಿಯೊಬ್ಬ ಭಕ್ತನೂ ಜಾಮೀನುದಾರ.